ಉದ್ಯಾನದ ಹಳೆ ಕಡತ ಪಾಲಿಕೆಯಲ್ಲಿ ಸಿಗದಿದ್ದರೆ

ಹುಬ್ಬಳ್ಳಿ-ಧಾರವಾಡದಲ್ಲಿ ನಿಮ್ಮ ಬಡಾವಣೆ ಉದ್ಯಾನದ ಹಳೆಯ, ಉದಾಹರಣೆಗೆ 2003ರ ಹಿಂದಿನ, ಕಾಗದ ಪಾಲಿಕೆಯಲ್ಲಿ ಸಿಗುತ್ತಿಲ್ಲ ಎಂದರೆ, ಆಗ ಬಡಾವಣೆ ಬಹುಶಃ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇತ್ತು. ಪ್ರಾಧಿಕಾರ ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರಿಸಿದ ನಂತರವೇ ಪಾಲಿಕೆಯ ಕಡತ ಶುರುವಾಗುತ್ತದೆ.

ಮೊದಲು ಸಿಟಿ ಸರ್ವೆ ಕಚೇರಿಯಲ್ಲಿ ಆ ಜಾಗದ ಸಿ.ಟಿ.ಎಸ್. ಉತಾರ (ಸಿಟಿ ಸರ್ವೆ ನಂಬರಿನ ಆಸ್ತಿ ದಾಖಲೆಯ ಪ್ರತಿ) ತೆಗೆಸಿ. ಉದ್ಯಾನಕ್ಕೆ ಹೆಸರು ಎಷ್ಟು ಸಲ ಬದಲಾದರೂ ನಂಬರು ಹಿಡಿದು ಹುಡುಕಬಹುದು. ಆಮೇಲೆ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಅನುಮೋದಿತ ಬಡಾವಣೆ ನಕ್ಷೆ, ಹಸ್ತಾಂತರ ಪತ್ರ, ಇವೆರಡನ್ನೇ ಕೇಳಿ. ‘ಉದ್ಯಾನದ ಇತಿಹಾಸ ಕೊಡಿ’ ಎಂದರೆ ಅಂಥ ಕಡತವಿಲ್ಲ ಎಂಬ ಉತ್ತರ ಬರುವುದೇ ಹೆಚ್ಚು.

ಪಾಲಿಕೆಗೆ ಬೇರೆ ಅರ್ಜಿಯಲ್ಲಿ ಕಡತ ಪರಿಶೀಲನೆಗೆ ಅವಕಾಶ ಕೇಳಿ, ಅಳತೆ ಪುಸ್ತಕ (ಆದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ) ನೋಡಿ. ತಂತಿ ಬೇಲಿ ಎಷ್ಟು ಮೀಟರ್, ನಡಿಗೆ ಪಥಕ್ಕೆ ಎಷ್ಟು ಚದರ ಮೀಟರ್ ಫರ್ಸಿ (ಹಾಸುಗಲ್ಲು), ಅಳತೆ ತೆಗೆದ ದಿನ ಯಾವುದು, ಎಲ್ಲ ಅದರಲ್ಲೇ ಇರುತ್ತದೆ. ನನಗೆ ಅತ್ಯಂತ ಬೆಲೆಯುಳ್ಳ ದಾಖಲೆ ಅದು. ಮಂಜೂರಾತಿಯ ದಿನಾಂಕವನ್ನು ಕೆಲಸ ಆದ ದಿನವೆಂದು ಬರೆದುಕೊಳ್ಳಬೇಡಿ, ಎಷ್ಟೋ ಕೆಲಸ ಮಂಜೂರಾಗಿಯೂ ನಿಂತಿರುತ್ತವೆ. ನೀವು ಬರೆದುಕೊಳ್ಳುವ ಪ್ರತಿ ನಮೂದಿನ ಪಕ್ಕ ಕಡತ ಸಂಖ್ಯೆ, ಪುಟ ಹಾಕಿ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.