ಒಂದೇ ಪೆಟ್ಟಿಗೆಗೆ ಬದಲಿಸಬಹುದಾದ ಹಲವು ಡಯಲ್‌ಗಳು: ಅಕ್ರಿಲಿಕ್ ಒಳ್ಳೆಯದೋ ಅಲ್ಯೂಮಿನಿಯಂ ಒಳ್ಳೆಯದೋ, ಮ್ಯಾಗ್ನೆಟ್ ಸಾಕೋ?

ಉಷ್ಣಾಂಶಕ್ಕೊಂದು ಡಯಲ್, ತೇವಾಂಶಕ್ಕೊಂದು, ಟೈಮರ್‌ಗೊಂದು, ಜೊತೆಗೆ ಆಟಕ್ಕೆ ಆರು ಮನೆಯ ಚಕ್ರ. ಮೋಟರ್ ಒಂದೇ, ಮುಳ್ಳು ಒಂದೇ, ಮುಖ ಮಾತ್ರ ಬದಲಾಗಬೇಕು. ಯಾವ ಹಾಳೆ ಬಳಸಲಿ, ಮ್ಯಾಗ್ನೆಟ್‌ನಲ್ಲಿ ಕೂರಿಸಿದರೆ ಸಾಕೇ, ಉಳಿದ ಸಣ್ಣ ತಪ್ಪನ್ನು ಪ್ರೋಗ್ರಾಂನಲ್ಲೇ ಸರಿಪಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಮಾಡಿದ ಮೊದಲ ಪೆಟ್ಟಿಗೆಯೂ ಇದೇ. ಅದಕ್ಕೆ ಏಳು ಡಯಲ್ ಮಾಡಿದೆ, ಏಳನ್ನೂ ಎಸೆಯಬೇಕಾಯಿತು. ಹಾಳೆಯಿಂದಾಗಿ ಅಲ್ಲ, ಮೋಟರಿನಿಂದಲೂ ಅಲ್ಲ.

ಗೆರೆಗಳ ವೃತ್ತದ ತ್ರಿಜ್ಯ 32 ಮಿ.ಮೀ., ಹರವು 270 ಡಿಗ್ರಿ, 0ಯಿಂದ 300ರವರೆಗೆ ಎರಡೆರಡಕ್ಕೆ ಒಂದು ಗೆರೆ. ಅಂದರೆ ಗೆರೆಯಿಂದ ಗೆರೆಗೆ 1.8 ಡಿಗ್ರಿ, ಅಳತೆಯಲ್ಲಿ ಸುಮಾರು 1 ಮಿ.ಮೀ. ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ಸುತ್ತಲೂ ಕೈಯಲ್ಲೇ ಕತ್ತರಿಸಿ, ಮೊದಲೇ ನಡುತೂತು ಕೊರೆಸಿಟ್ಟಿದ್ದ ಅಕ್ರಿಲಿಕ್ ಬಿಲ್ಲೆಗೆ ಅಂಚಿಗೆ ಅಂಚು ಕೂಡಿಸಿ ಅಂಟಿಸಿದೆ. ಮುಳ್ಳನ್ನು ಸೊನ್ನೆಗೆ ಹಿಡಿದು ಮೋಟರಿನ ಶಾಫ್ಟ್‌ಗೆ, ಅಂದರೆ ತಿರುಗುವ ಕಡ್ಡಿಗೆ, ಒತ್ತಿದೆ. ಸೊನ್ನೆ ಸರಿ. 300ಕ್ಕೆ ಓಡಿಸಿದೆ, ಅದೂ ಸರಿ. 150ಕ್ಕೆ ಓಡಿಸಿದರೆ 152 ತೋರಿಸಿತು. ಎರಡು ತುದಿ ಸರಿಯಿದ್ದು ನಡು ಮಾತ್ರ ತಪ್ಪಿದರೆ ಅನುಮಾನ ಹೋಗುವುದು ಮೋಟರಿನ ಮೇಲೆ. ಮೋಟರ್ ಬದಲಿಸಿದೆ, ಅದೇ 152. ಆಮೇಲೆ ಪ್ರೋಗ್ರಾಂನಲ್ಲಿ ತಿದ್ದುಪಡಿಯ ಕೋಷ್ಟಕ ಬರೆದೆ, ಆ ಡಯಲ್ ಸರಿಹೋಯಿತು. ಎರಡನೇ ಡಯಲ್ ಹಾಕಿದರೆ 150ರ ಜಾಗದಲ್ಲಿ 147.

ಆಗಿದ್ದೇನೆಂದರೆ, ಮುಳ್ಳು ತಿರುಗುವ ಕೇಂದ್ರ ಗೆರೆಗಳ ಕೇಂದ್ರದಿಂದ 0.6 ಮಿ.ಮೀ. ಬಲಕ್ಕಿತ್ತು. ಇದನ್ನು ಸ್ವಲ್ಪ ಉದ್ದಕ್ಕೆ ವಿವರಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ನಿರ್ಧಾರಗಳೂ ಇದರಿಂದಲೇ ಹೊರಡುತ್ತವೆ. ಕೇಂದ್ರ ತಪ್ಪಿದ ದೂರವನ್ನು ತ್ರಿಜ್ಯದಿಂದ ಭಾಗಿಸಿದರೆ ಕೋನದ ಗರಿಷ್ಠ ತಪ್ಪು ರೇಡಿಯನ್‌ನಲ್ಲಿ (ಒಂದು ರೇಡಿಯನ್ ಸುಮಾರು 57.3 ಡಿಗ್ರಿ) ಸಿಗುತ್ತದೆ. 0.6ನ್ನು 32ರಿಂದ ಭಾಗಿಸಿದರೆ 0.01875, ಅಂದರೆ 1.07 ಡಿಗ್ರಿ. ಇದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮುಳ್ಳು ನೆಟ್ಟಗೆ ಮೇಲೆ ನಿಂತಾಗ ಬಲಕ್ಕೆ ಸರಿದಿರುವುದು ಪೂರ್ತಿ ಕಾಣುತ್ತದೆ, 1.07 ಡಿಗ್ರಿ ಮುಂದೆ. ಸೊನ್ನೆ ಮತ್ತು 300 ಇರುವುದು ಮೇಲಿನಿಂದ ಆಚೆಗೂ ಈಚೆಗೂ 135 ಡಿಗ್ರಿಯಲ್ಲಿ. ಅಲ್ಲಿ ಆ ತಪ್ಪಿನ 0.707 ಪಾಲು ಮಾತ್ರ ಕಾಣುತ್ತದೆ, ಅದೂ ಉಲ್ಟಾ ದಿಕ್ಕಿನಲ್ಲಿ: 0.76 ಡಿಗ್ರಿ ಹಿಂದೆ. ಎರಡು ತುದಿಯಲ್ಲೂ ಅಷ್ಟೇ ತಪ್ಪು, ಒಂದೇ ದಿಕ್ಕಿಗೆ. ಹಾಗಾಗಿ ಮುಳ್ಳನ್ನು ಸೊನ್ನೆಗೆ ಸರಿಮಾಡಿ ಒತ್ತಿದ ಕೂಡಲೇ ಎರಡು ತುದಿಯೂ ಒಟ್ಟಿಗೇ ಸರಿಹೋಗುತ್ತವೆ, ಅಲ್ಲಿಂದ ತೆಗೆದ 0.76 ನಡುವಿನ ತಪ್ಪಿಗೆ ಸೇರಿಕೊಳ್ಳುತ್ತದೆ. ಒಟ್ಟು 1.83 ಡಿಗ್ರಿ, ಸರಿಸುಮಾರು ಒಂದು ಗೆರೆ. ಕೇಂದ್ರ ಮೇಲಕ್ಕೋ ಕೆಳಕ್ಕೋ ತಪ್ಪಿದ್ದರೆ ನಡು ಸರಿಯಿದ್ದು ತುದಿಗಳು ಒಂದರಿಂದೊಂದು ದೂರವಾಗುತ್ತಿದ್ದವು ಅಥವಾ ಹತ್ತಿರವಾಗುತ್ತಿದ್ದವು. ಅದು ಕಣ್ಣಿಗೆ ಬೇಗ ಬೀಳುತ್ತದೆ. ಪಕ್ಕಕ್ಕೆ ತಪ್ಪಿದ್ದು ಅಡಗಿಕೊಳ್ಳುತ್ತದೆ.

ಪ್ರೋಗ್ರಾಂನಲ್ಲಿ ಸರಿಪಡಿಸುವ ಯೋಚನೆ ಬಿಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಪ್ರತಿ ಡಯಲ್‌ನ ಕೇಂದ್ರ ತಪ್ಪುವ ದಿಕ್ಕು ಬೇರೆ, ಪ್ರಮಾಣ ಬೇರೆ. ಒಂದೊಂದಕ್ಕೂ ಕನಿಷ್ಠ ಐದು ಬಿಂದುಗಳ ಕೋಷ್ಟಕ ಬೇಕು. ಡಯಲ್ ಹರಿದು ಹೊಸದು ಮಾಡಿದ ದಿನ ಕೋಷ್ಟಕವೂ ಹೊಸದು. ಹಾಗಿದ್ದ ಮೇಲೆ ಅದನ್ನು ಬದಲಿಸಬಹುದಾದ ಡಯಲ್ ಎನ್ನುವುದು ಹೇಗೆ?

ಮಾಡಬೇಕಾದದ್ದು ಕ್ರಮ ಬದಲಿಸುವುದು. ಗೆರೆ, ಕೇಂದ್ರದ ಗುರುತು, ಡಯಲನ್ನು ತಳದ ಮೇಲೆ ಕೂರಿಸುವ ಪಿನ್‌ಗಳ ತೂತುಗಳ ಗುರುತು, ಎಲ್ಲವೂ ಒಂದೇ ಚಿತ್ರದಲ್ಲಿ, ಒಂದೇ ಸಲಕ್ಕೆ ಮುದ್ರಣವಾಗಲಿ. ಮೊದಲು ಹಾಳೆಗೆ ಅಂಟಿಸಿ. ಅಂಟಿಸಿದ ಮೇಲೆ, ಮುದ್ರಿತ ಗುರುತು ನೋಡಿಕೊಂಡು ತೂತು ಕೊರೆಯಿರಿ. ಹೊರ ಅಂಚನ್ನು ಕೊನೆಗೆ ಕತ್ತರಿಸಿ. ಅಂಚು ಅರ್ಧ ಮಿ.ಮೀ. ಸೊಟ್ಟಗಿದ್ದರೂ ಓದಿಗೆ ತೊಂದರೆಯಿಲ್ಲ, ಏಕೆಂದರೆ ಡಯಲ್ ಕೂರುವುದು ಅಂಚಿನ ಆಧಾರದಲ್ಲಲ್ಲ, ಪಿನ್‌ಗಳ ಮೇಲೆ.

ಡಯಲ್ ಕೂರುವ ತಳದಲ್ಲಿ ಪಿನ್ ಎರಡೇ ಸಾಕು, 3 ಮಿ.ಮೀ. ದಪ್ಪ, ನಡುವೆ 50 ಮಿ.ಮೀ. ದೂರ. ಡಯಲ್‌ನಲ್ಲಿ ಒಂದು ತೂತು ದುಂಡಗೆ, 3.1 ಮಿ.ಮೀ. ಇನ್ನೊಂದು ಉದ್ದನೆಯ ತೂತು, ಅಗಲ 3.1, ಉದ್ದ 5, ಅದರ ಉದ್ದ ಮೊದಲ ಪಿನ್ನಿನ ಕಡೆಗೆ ಮುಖ ಮಾಡಿರಬೇಕು. ದುಂಡು ತೂತು ಜಾಗ ಹಿಡಿಯುತ್ತದೆ, ಉದ್ದ ತೂತು ತಿರುಗದಂತೆ ತಡೆಯುತ್ತದೆ. ಎರಡೂ ದುಂಡಗಿದ್ದರೆ ಕೂದಲೆಳೆಯಷ್ಟು ಅಳತೆ ಹೆಚ್ಚುಕಡಿಮೆಯಾದರೂ ಡಯಲ್ ಕೂರುವುದೇ ಇಲ್ಲ, ಬಲವಂತಕ್ಕೆ ಕೂರಿಸಿದರೆ ನಡುವೆ ಉಬ್ಬಿ ಮುಳ್ಳಿಗೆ ತಾಗುತ್ತದೆ. ಇಷ್ಟು ಸಡಿಲಿನಿಂದ ಬರುವ ಕೋನದ ತಪ್ಪು 0.1 ಡಿಗ್ರಿಯ ಆಸುಪಾಸು, ಕಣ್ಣಿಗೆ ಕಾಣದು. ಪಿನ್‌ಗಳನ್ನು ಕೇಂದ್ರದ ಎರಡೂ ಬದಿಗೆ ಸಮದೂರದಲ್ಲಿ ಇಡಬೇಡಿ. ಒಂದನ್ನು ಕೇಂದ್ರದಿಂದ 22, ಇನ್ನೊಂದನ್ನು 28 ಮಿ.ಮೀ.ಗೆ ಇಟ್ಟರೆ ಡಯಲ್ ತಲೆಕೆಳಗಾಗಿ ಕೂರುವ ದಾರಿಯೇ ಇರುವುದಿಲ್ಲ.

ಮ್ಯಾಗ್ನೆಟ್ ಡಯಲನ್ನು ಹಿಡಿದುಕೊಳ್ಳುತ್ತದೆ, ಆದರೆ ಇದೇ ಜಾಗದಲ್ಲಿ ಇರು ಎಂದು ಹೇಳುವುದಿಲ್ಲ. ಅರ್ಧ ಮಿ.ಮೀ. ಜರುಗಿದರೂ ಅಷ್ಟೇ ಗಟ್ಟಿಯಾಗಿ ಹಿಡಿದಿರುತ್ತದೆ. ಬೇಕಿದ್ದರೆ ಪಿನ್ ಜೊತೆಗೆ ಹಾಕಿ, ಪಿನ್ ಬದಲಿಗೆ ಬೇಡ. ಒಳಗಿರುವುದು ಮೋಟರ್ ಅಲ್ಲದೆ ಮೂವಿಂಗ್ ಕಾಯಿಲ್ ಮೀಟರ್ (ಮ್ಯಾಗ್ನೆಟ್ ನಡುವೆ ತಂತಿಯ ಸುರುಳಿ ತಿರುಗಿ ಮುಳ್ಳನ್ನು ಆಡಿಸುವ ಮೀಟರ್) ಆಗಿದ್ದರೆ ಮ್ಯಾಗ್ನೆಟ್ ಸುತರಾಂ ಬೇಡ, ಅದು ಮೀಟರಿನ ಓದನ್ನೇ ಕದಲಿಸಬಲ್ಲದು. ಮುಂದಿನ ಗಾಜಿನ ಚೌಕಟ್ಟು ಮುಚ್ಚಿದಾಗ ಅದೇ ಡಯಲ್‌ನ ಅಂಚನ್ನು ಒತ್ತಿಹಿಡಿಯುವಂತೆ ಮಾಡುವುದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಉಪಾಯ.

ಡಯಲ್ ಬದಲಿಸುವಾಗ ಪ್ರತಿ ಸಲ ಮುಳ್ಳನ್ನು ಕೀಳುವುದೂ ಬೇಡ. ಕಿತ್ತಾಗಲೆಲ್ಲ ಸೊನ್ನೆ ಕಳೆದುಹೋಗುತ್ತದೆ, ಹತ್ತಿಪ್ಪತ್ತು ಸಲಕ್ಕೆ ಮುಳ್ಳಿನ ಬುಡ ಸಡಿಲವಾಗುತ್ತದೆ. 270 ಡಿಗ್ರಿ ಸ್ಕೇಲ್‌ನಲ್ಲಿ ಕೆಳಗಡೆ 90 ಡಿಗ್ರಿ ಖಾಲಿ ಇರುತ್ತದಲ್ಲ, ಅಲ್ಲಿ ಕೇಂದ್ರದಿಂದ ಅಂಚಿನವರೆಗೆ ಒಂದು ಸೀಳು ಬಿಡಿ, ಶಾಫ್ಟ್‌ಗಿಂತ 1 ಮಿ.ಮೀ. ಅಗಲ. ಡಯಲ್ ಮೇಲಿನಿಂದ ಮುಳ್ಳಿನ ಅಡಿಗೆ ಜಾರಿ ಬಂದು, ಶಾಫ್ಟ್ ಸೀಳಿನೊಳಗೆ ಹೊಕ್ಕು, ಪಿನ್‌ಗಳ ಮೇಲೆ ಇಳಿಯುತ್ತದೆ. ಇದಕ್ಕೆ ಎತ್ತರದ ಲೆಕ್ಕ ಮುಖ್ಯ. ಪಿನ್ 1 ಮಿ.ಮೀ. ಎತ್ತರ, ಡಯಲ್ 0.5 ದಪ್ಪ ಎಂದರೆ ಪಿನ್ ದಾಟುವಾಗ ಡಯಲ್‌ನ ಮೇಲ್ಮೈ 1.5ರಲ್ಲಿರುತ್ತದೆ, ಆದ್ದರಿಂದ ತಳದಿಂದ ಮುಳ್ಳಿಗೆ 2 ಮಿ.ಮೀ. ಬೇಕು. ಡಯಲ್ ಇಳಿದು ಕೂತ ಮೇಲೆ ಮುಳ್ಳು ಅದರಿಂದ 1.5 ಮಿ.ಮೀ. ಮೇಲಿರುತ್ತದೆ. ಮುಳ್ಳು ತೋರಿಸುವ ಜಾಗದಲ್ಲಿ 30 ಡಿಗ್ರಿ ಓರೆಯಿಂದ ನೋಡಿದರೆ ಅದು 0.87 ಮಿ.ಮೀ. ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ನನ್ನ ಸ್ಕೇಲ್‌ನಲ್ಲಿ ಹೆಚ್ಚುಕಡಿಮೆ ಒಂದು ಗೆರೆ. ನಿಖರವಾಗಿ ಓದಬೇಕಾದ ಡಯಲ್‌ಗೆ ಗೆರೆಗಳ ಒಳಬದಿಯಲ್ಲಿ ಕನ್ನಡಿಯಂಥ ಹೊಳಪಿನ ಪಟ್ಟಿ ಅಂಟಿಸಿ. ಮುಳ್ಳು ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೋಡಿ ಓದಿದರೆ ಈ ತಪ್ಪು ಉಳಿಯುವುದಿಲ್ಲ.

ಈಗ ನಿಮ್ಮ ಹಾಳೆಯ ಪ್ರಶ್ನೆಗೆ ಉತ್ತರ ತಾನಾಗಿ ಬಂತು: ತೆಳ್ಳಗಿರುವುದು ಬೇಕು. 0.5 ಮಿ.ಮೀ. ಅಲ್ಯೂಮಿನಿಯಂ. 2 ಮಿ.ಮೀ. ಅಕ್ರಿಲಿಕ್ ಹಾಕಿದರೆ ಮುಳ್ಳಿನ ಎತ್ತರ ಅಷ್ಟೂ ಏರುತ್ತದೆ. ಬರೀ ರಟ್ಟು ತೇವಕ್ಕೆ ಬಾಗುತ್ತದೆ. ತೆಳು ಅಲ್ಯೂಮಿನಿಯಂ ಹಾಗೆಯೇ ಕೊರೆದರೆ ತೂತು ಮುಮ್ಮೂಲೆಯಾಗಿ ಅಂಚು ಎದ್ದು ನಿಲ್ಲುತ್ತದೆ. ಎರಡು ಮರದ ತುಂಡಿನ ನಡುವೆ ಬಿಗಿಹಿಡಿದು ಕೊರೆಯಿರಿ. ಗುರುತು ಕಾಣಲು ಮೇಲಿನ ತುಂಡಿನಲ್ಲಿ ದೊಡ್ಡ ಕಿಂಡಿ ಇರಲಿ. ಲೇಸರ್‌ನಲ್ಲಿ ಪ್ಲಾಸ್ಟಿಕ್ ಕತ್ತರಿಸುವುದಾದರೆ ಪಿವಿಸಿ ಮಾತ್ರ ಎಂದಿಗೂ ಬೇಡ, ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಶ್ವಾಸಕ್ಕೂ ಯಂತ್ರಕ್ಕೂ ಕೆಟ್ಟದ್ದು.

ಚಿತ್ರವನ್ನು ಎಸ್‌ವಿಜಿಯಲ್ಲಿ (ಗೆರೆಗಳನ್ನು ಅಳತೆಯ ಲೆಕ್ಕದಲ್ಲೇ ಬರೆದಿಡುವ ಕಂಪ್ಯೂಟರ್ ಚಿತ್ರದ ಬಗೆ), ಮಿ.ಮೀ. ಅಳತೆಯಲ್ಲೇ ಬರೆಯಿರಿ, ಗೆರೆಗಳನ್ನು ಕೈಯಲ್ಲಿ ತಿರುಗಿಸದೆ ಲೆಕ್ಕ ಹಾಕಿ ಬರೆಸಿ. ದೊಡ್ಡ ಗೆರೆ 6 ಮಿ.ಮೀ. ಉದ್ದ 0.6 ದಪ್ಪ, ನಡುಗೆರೆ 4ಕ್ಕೆ 0.4, ಸಣ್ಣದು 2.5ಕ್ಕೆ 0.25. ಮುಳ್ಳಿನ ತುದಿ ಸಣ್ಣ ಗೆರೆಗಿಂತ ದಪ್ಪವಿದ್ದರೆ ಗೆರೆ ಅದರಡಿ ಮುಚ್ಚಿಹೋಗುತ್ತದೆ. ಗೆರೆಗಳ ನಡುವೆ 1 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ಒಂದು ಗೆರೆಯ ಬೆಲೆ 1, 2 ಅಥವಾ 5 ಇರಲಿ, ಇಲ್ಲವೇ ಅವುಗಳ ಹತ್ತುಪಟ್ಟು. ಗೆರೆಗೆ 3 ಅಥವಾ 4 ಇಟ್ಟರೆ ಓದುವವರು ಪ್ರತಿ ಸಲ ಗುಣಾಕಾರ ಮಾಡಬೇಕಾಗುತ್ತದೆ. ಅಂಕಿಗಳು ಗೆರೆಗಳ ಹೊರಗಡೆ ಇರಲಿ, ಒಳಗಿದ್ದರೆ ಬೇಕಾದ ಅಂಕಿಯನ್ನೇ ಮುಳ್ಳು ಮುಚ್ಚುತ್ತದೆ. ಕನ್ನಡದಲ್ಲಿ ಹೆಸರು ಹಾಕುತ್ತೀರಾದರೆ ಮುದ್ರಣಕ್ಕೆ ಕೊಡುವ ಮೊದಲು ಅಕ್ಷರಗಳನ್ನು ರೇಖೆಯಾಗಿ ಬದಲಿಸಿಕೊಳ್ಳಿ. ಆ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಬರುತ್ತವೆ.

ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದು 100 ಪ್ರತಿಶತಕ್ಕೆ ಇಡಿ. ಹಾಳೆಯ ಮೂಲೆಯಲ್ಲಿ ಅಡ್ಡಕ್ಕೊಂದು, ಉದ್ದಕ್ಕೊಂದು 100 ಮಿ.ಮೀ. ಗೆರೆ ಇರಲಿ, ಎರಡನ್ನೂ ಅಳೆಯಿರಿ. ಹಾಳೆ ಸಾಗುವ ದಿಕ್ಕಿನಲ್ಲಿ ಅಳತೆ ಬೇರೆಯಾಗುವುದುಂಟು, ಆಗ ವೃತ್ತ ಮೊಟ್ಟೆಯಾಗುತ್ತದೆ. ನೀರಿನ ಅಂಟು ಕಾಗದವನ್ನು ಹಿಗ್ಗಿಸುತ್ತದೆ, ಆದ್ದರಿಂದ ಎರಡೂ ಬದಿ ಅಂಟಿರುವ ತೆಳು ಫಿಲ್ಮ್ ಬಳಸಿ. ಮೇಲೆ ಹೊಳಪಿಲ್ಲದ ಲ್ಯಾಮಿನೇಷನ್.

ಇನ್ನು ಆಟದ ಚಕ್ರ. ಅದಕ್ಕೂ ಇದೇ ಮೋಟರ್ ಸಾಕು ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗೇಜ್‌ಗಳಲ್ಲಿ ಬಳಸುವ ಎಕ್ಸ್27.168 ಸ್ಟೆಪರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸಣ್ಣ ಮೋಟರ್, 315 ಡಿಗ್ರಿ ಮಾತ್ರ ತಿರುಗುತ್ತದೆ, ಮೂರನೇ ಒಂದು ಡಿಗ್ರಿಯಂತೆ 945 ಹೆಜ್ಜೆ, ಎರಡು ಕಡೆಯೂ ತಡೆ. ಅಳತೆಗೆ ಆ ತಡೆ ವರ, ಕರೆಂಟ್ ಬಂದ ಕೂಡಲೇ ತಡೆಗೆ ಒರಗಿಸಿ ಸೊನ್ನೆ ಕಂಡುಕೊಳ್ಳಬಹುದು. ಆಟಕ್ಕೆ ಅದೇ ಅಡ್ಡಿ. ಅಳತೆಯ ಮುಳ್ಳು ಹೇಳಿದಲ್ಲಿ ನಿಲ್ಲಬೇಕು, ಆಟದ ಮುಳ್ಳು ಯಾರ ಮಾತೂ ಕೇಳದೆ ತಿರುಗಬೇಕು. ಪಿನ್‌ಗಳ ಜಾಗ ಒಂದೇ ಇರುವ ಎರಡು ತಳ ಮಾಡಿ: ಒಂದರಲ್ಲಿ ಸ್ಟೆಪರ್, ಇನ್ನೊಂದರಲ್ಲಿ ಸಣ್ಣ ಬೇರಿಂಗ್ ಮೇಲೆ ಕೂತ ಮುಳ್ಳು. ಆಟದ ಡಯಲ್‌ಗೆ ಸೀಳು ಬೇಡ, ಮುಳ್ಳು ಎತ್ತಿ ತೆಗೆದು ಹಾಕಿದರೂ ನಷ್ಟವಿಲ್ಲ. ಮುಳ್ಳಿನ ಎರಡು ತುದಿಯ ತೂಕ ಮಾತ್ರ ಸಮ ಇರಬೇಕು. ತಳವನ್ನು ನಿಲ್ಲಿಸಿ ಹಿಡಿದು ಮುಳ್ಳನ್ನು ನಾಲ್ಕು ದಿಕ್ಕಿಗೆ ಬಿಟ್ಟುನೋಡಿ, ಬಿಟ್ಟಲ್ಲೇ ನಿಂತರೆ ಸರಿ. ಭಾರದ ತುದಿ ಕೆಳಗಿಳಿದರೆ ಇನ್ನೊಂದು ತುದಿಗೆ ಚೂರು ಅಂಟುಪಟ್ಟಿ ಸೇರಿಸುತ್ತ ಬನ್ನಿ. ಆಮೇಲೆ ತಳವನ್ನು ಮಟ್ಟಸವಾಗಿಟ್ಟು 120 ಸಲ ತಿರುಗಿಸಿ ಬರೆದಿಡಿ. ಆರು ಮನೆಗೆ ತಲಾ 20 ಬರಬೇಕು, 12ರಿಂದ 28ರೊಳಗೆ ಇದ್ದರೆ ಚಿಂತೆಯಿಲ್ಲ. ಒಂದು ಮನೆಗೆ 35 ಬಿದ್ದರೆ ಮುಳ್ಳಿನ ತೂಕವನ್ನೂ ತಳದ ಮಟ್ಟವನ್ನೂ ಮತ್ತೆ ನೋಡಿ. ಮನೆಗಳ ನಡುವಿನ ಗೆರೆ ತೆಳ್ಳಗಿರಲಿ, ಗೆರೆಯ ಮೇಲೆ ನಿಂತರೆ ಯಾರದ್ದು ಎಂಬ ಜಗಳ ಅಷ್ಟು ಕಡಿಮೆ. ಮನೆಗಳ ಜೊತೆ ತಿರುಗಿಸಿ ಬರೆದ 6ರ ಅಡಿಗೆ ಗೆರೆ ಎಳೆಯಿರಿ, ಇಲ್ಲದಿದ್ದರೆ ಅದು 9ರಂತೆ ಕಾಣುತ್ತದೆ.

ಯಾವ ಡಯಲ್ ಕೂತಿದೆ ಎಂದು ಪೆಟ್ಟಿಗೆಗೆ ತಿಳಿಯಲು ತಳದ ಅಂಚಿನಲ್ಲಿ ಮೂರು ಸಣ್ಣ ಸ್ವಿಚ್ ಸಾಕು. ಡಯಲ್‌ನ ಅಂಚಿನಲ್ಲಿ ಕಚ್ಚು ಇದ್ದಲ್ಲಿ ಸ್ವಿಚ್ ಒತ್ತುವುದಿಲ್ಲ. ಎಂಟು ಜೋಡಣೆ ಸಿಗುತ್ತವೆ. ಯಾವುದೂ ಒತ್ತದ್ದನ್ನು ಡಯಲ್ ಇಲ್ಲ ಎಂಬುದಕ್ಕೆ ಮೀಸಲಿಡಿ, ಉಳಿದದ್ದು ಏಳು. ಇಲ್ಲಿ ಮಾತ್ರ ಅಂಚಿನ ಅಳತೆ ಲೆಕ್ಕಕ್ಕೆ ಬರುತ್ತದೆ, ಅದೂ ಅರ್ಧ ಮಿ.ಮೀ. ಸಾಕು.

ಉಷ್ಣಾಂಶದ ಡಯಲ್ ಬರೆಯುವುದಕ್ಕೂ ಮೊದಲು ಒಂದು ಡಯಲ್ ಮಾಡಿ: ಬರೀ ಡಿಗ್ರಿ, 0ಯಿಂದ 270, ಎರಡೆರಡು ಡಿಗ್ರಿಗೆ ಗೆರೆ, ಬೇರೇನೂ ಬೇಡ. ಅದರ ಮೇಲೆ ಮುಳ್ಳನ್ನು ಐದು ಜಾಗಕ್ಕೆ ಏರುತ್ತಲೂ ಇಳಿಯುತ್ತಲೂ ಓಡಿಸಿ. ಏರುವಾಗ ಒಂದು ಓದು, ಇಳಿಯುವಾಗ ಇನ್ನೊಂದು ಬಂದರೆ ಗೇರಿನ ಸಡಿಲು. ತಪ್ಪು ಸೊನ್ನೆಯಿಂದ ಒಂದೇ ಸಮನೆ ಬೆಳೆಯುತ್ತ ಹೋದರೆ ಹೆಜ್ಜೆಯ ಲೆಕ್ಕ ತಪ್ಪಿದೆ. ಕೊನೆಯ ತುದಿ ತಪ್ಪಿದ್ದು, ನಡುವೆ ತಪ್ಪು ಒಂದೇ ಸಮ ಬೆಳೆಯದಿದ್ದರೆ ಕೇಂದ್ರ ಮೇಲಕ್ಕೋ ಕೆಳಕ್ಕೋ ಹೋಗಿದೆ. ತುದಿ ಎರಡೂ ಸರಿ, ನಡು ತಪ್ಪು ಎಂದರೆ ಕೇಂದ್ರ ಪಕ್ಕಕ್ಕಿದೆ, ತೂತುಗಳನ್ನು ಮತ್ತೆ ಅಳೆಯಿರಿ. ಆ ಡಯಲನ್ನು ಪೆಟ್ಟಿಗೆಯೊಳಗೇ ಇಟ್ಟಿರಿ. ಮುಂದೆ ಯಾವುದಾದರೂ ಮುಖ ತಪ್ಪು ತೋರಿಸಿದರೆ ಮೊದಲು ಅದನ್ನು ತೆಗೆದು ಇದನ್ನು ಕೂರಿಸಿ ನೋಡಿ. ಇದರ ಮೇಲೆ ಮುಳ್ಳು ಸರಿಯಾಗಿ ನಿಂತರೆ ಪ್ರೋಗ್ರಾಂ ಮುಟ್ಟಬೇಡಿ, ಆ ಮುಖವನ್ನು ಹೊಸದಾಗಿ ಕೊರೆಯಿರಿ.