ಬೂಷ್ಟು ಹಿಡಿದ ಕ್ಯಾಸೆಟ್ಟು, ಎಳೆದು ಹಾಡುವ ಟೇಪು, ಅಜ್ಜನ ಪ್ಲೇಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕ್ಯಾಸೆಟ್, ವಿಡಿಯೊ ಟೇಪು, ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಬಂದ ಪತ್ರಗಳಲ್ಲಿ ಎಲ್ಲರ ಆತಂಕವೂ ಒಂದೇ: ಇದು ಇನ್ನು ಹಾಡುತ್ತದೆಯೇ? ಬಹುಪಾಲು ಹಾಡುತ್ತದೆ. ಟೇಪಿಗಿಂತ ಮೊದಲು ಕೆಡುವುದು ಅದನ್ನು ನುಡಿಸುವ ಯಂತ್ರ. ಹಾಗಾಗಿ ಈ ಸಲದ ಉತ್ತರಗಳಲ್ಲಿ ಯಂತ್ರದ ಮಾತೇ ಹೆಚ್ಚು.

ಪ್ರಶ್ನೆ: ಎಂಬತ್ತರ ದಶಕದಲ್ಲಿ ಊರಲ್ಲೇ ರೆಕಾರ್ಡ್ ಮಾಡಿದ ತಾಳಮದ್ದಳೆಯ 40 ಕ್ಯಾಸೆಟ್ಟುಗಳಿವೆ. ಕೆಲವದರ ಕಿಟಕಿಯೊಳಗೆ ಬಿಳಿ ಬೂಷ್ಟು ಕಾಣುತ್ತದೆ. ಬೂಷ್ಟಿಲ್ಲದವೂ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತವೆ. ಅರ್ಥಗಾರಿಕೆ ಬಿಡಿಸಿ ಕೇಳುವಂತೆ ಮಾಡಬಹುದೇ? — ಶಿರಸಿಯ ಓದುಗರು

ಉತ್ತರ: ಮಾಡಬಹುದು. ಮೊದಲು ಬೂಷ್ಟಿನ ಕ್ಯಾಸೆಟ್ಟುಗಳನ್ನು ಬೇರೆ ಮಾಡಿ. ಅವನ್ನು ಹಾಗೇ ಹಾಕಿ ನೋಡುವ ಆಸೆ ಬೇಡ. ಬೂಷ್ಟಿನ ಪುಡಿ ಟೇಪಿನ ಧ್ವನಿ ಓದುವ ಹೆಡ್ಡಿಗೂ ಟೇಪನ್ನು ಎಳೆಯುವ ರೋಲರ್‌ಗೂ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 10 ಕ್ಯಾಸೆಟ್ಟಿಗೆ ಸುಮಾರು 100 ಗ್ರಾಂ ಸಿಲಿಕಾ ಜೆಲ್ ಹಾಕಿ ಎರಡು ವಾರ ಬಿಡಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು. ಕ್ಯಾಸೆಟ್ಟನ್ನು ಮಾತ್ರ ಬಿಸಿಲಿಗೆ ಇಡಬೇಡಿ. ಕವಚ ಸೊಟ್ಟಗಾದರೆ ಟೇಪು ಅದರೊಳಗೆ ನೇರವಾಗಿ ಓಡುವುದಿಲ್ಲ.

ಒಣಗಿದ ಬೂಷ್ಟು ಪುಡಿಯಾಗಿ ಉದುರುವ ಸ್ಥಿತಿಗೆ ಬರುತ್ತದೆ. ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕುಳಿತು, ಕವಚದ 5 ಸ್ಕ್ರೂ ಬಿಚ್ಚಿ. ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಒಳಗಿನ ಜಾರುಹಾಳೆ ಮತ್ತು ಮೂಲೆಯ ಗಾಲಿಗಳು ಯಾವ ದಿಕ್ಕಿನಲ್ಲಿದ್ದವು ಎಂಬುದು ಆಮೇಲೆ ನೆನಪಾಗುವುದಿಲ್ಲ. ಟೇಪಿನ ಸುರುಳಿಯ ಎರಡೂ ಮೈಯನ್ನು ಮೆದು ಬ್ರಷ್ಷಿನಿಂದ ಒರೆಸಿ, ಬೇರೊಂದು ಸ್ವಚ್ಛ ಕವಚಕ್ಕೆ ವರ್ಗಾಯಿಸಿ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಅಂಚಿನ ಸೇರಿಕೆಗೆ ತೆಳು ಚಾಕು ಕೊಟ್ಟು ಬಿಡಿಸಬೇಕು. ಅದು ಒಡೆದರೂ ಚಿಂತೆಯಿಲ್ಲ, ಬೇಕಾದದ್ದು ಟೇಪು. ಕೊನೆಗೆ ಆರು ಮೂಲೆಯ ಪೆನ್ಸಿಲ್ ತೂರಿಸಿ ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಿಂದಲೇ ಸುತ್ತಿ. ಎಲ್ಲಾದರೂ ಅಂಟಿದ್ದರೆ ಕೈಗೆ ತಿಳಿಯುತ್ತದೆ, ಮೋಟರಿಗೆ ತಿಳಿಯುವುದಿಲ್ಲ.

ಇನ್ನು ಮಂಕುತನ. ಮೊದಲು ಎರಡು ಸ್ವಿಚ್ ನೋಡಿ: ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಆಫ್ ಇರಲಿ, ಟೇಪ್ ಬಗೆ ‘ನಾರ್ಮಲ್’ನಲ್ಲಿರಲಿ. ಸಾಮಾನ್ಯ ಟೇಪಿಗೆ ‘ಕ್ರೋಮ್’ ಒತ್ತಿದರೆ ಮೇಲಿನ ಸ್ವರ ತಗ್ಗುತ್ತದೆ. ಎರಡನೆಯದಾಗಿ ಕ್ಯಾಸೆಟ್ಟಿನ ಬಾಯಿಯ ನಡುವೆ ಇರುವ ಉಣ್ಣೆಬಟ್ಟೆಯ ಚಿಕ್ಕ ಪ್ಯಾಡ್ ನೋಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯ ಅಂಟು ಬಿಟ್ಟು ಪ್ಯಾಡ್ ಉದುರಿದ್ದರೆ ಧ್ವನಿ ಮಂಕಾಗುತ್ತದೆ, ಏರಿಳಿಯುತ್ತದೆ. ಇದಕ್ಕೂ ಕವಚ ಬದಲಿಸುವುದೇ ಮದ್ದು.

ಇವೆರಡೂ ಸರಿಯಿದ್ದರೆ ದೋಷ ಹೆಡ್ಡಿನ ಓರೆಯದು. ಕ್ಯಾಸೆಟ್ ಟೇಪಿನ ವೇಗ ಸೆಕೆಂಡಿಗೆ 4.76 ಸೆಂ.ಮೀ. ಆ ವೇಗದಲ್ಲಿ 10,000 ಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 4.76 ಮೈಕ್ರಾನ್, ಅಂದರೆ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂದು ಓರೆಯಲ್ಲಿದ್ದು ನಿಮ್ಮದು ಇನ್ನೊಂದು ಓರೆಯಲ್ಲಿದ್ದರೆ ಮೊದಲು ಅಳಿಸಿಹೋಗುವುದು ಈ ಸಣ್ಣ ಅಲೆಗಳು: ಸ, ಶ, ಚ ವ್ಯಂಜನಗಳು ಮತ್ತು ಭಾಗವತರ ತಾಳದ ಕಿಣಿಕಿಣಿ. ಅರ್ಥಗಾರಿಕೆ ತಿಳಿಯದಿರುವುದು ಇದರಿಂದಲೇ. ಹೆಡ್ಡಿನ ಎರಡು ಪಕ್ಕದ ಸ್ಕ್ರೂಗಳಲ್ಲಿ ಕೆಳಗೆ ಸ್ಪ್ರಿಂಗ್ ಇರುವುದು ಓರೆ ಸರಿಪಡಿಸುವ ಸ್ಕ್ರೂ. ಅದರ ಮೂಲಸ್ಥಾನಕ್ಕೆ ಬಣ್ಣದ ಗುರುತು ಹಾಕಿ. ಧ್ವನಿಯನ್ನು ಮೋನೊಗೆ (ಎಡ ಬಲ ಎರಡೂ ಸೇರಿದ ಒಂದೇ ಧ್ವನಿಗೆ) ಬದಲಿಸಿ, ಹೆಡ್‌ಫೋನ್ ಹಾಕಿಕೊಂಡು, ತಾಳವೂ ಚಂಡೆಯೂ ಜೋರಾಗಿರುವ ಕಡೆ ಟೇಪನ್ನು ಬಿಟ್ಟು, ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕಾಲು ಸುತ್ತಿನೊಳಗೆ ಒಂದು ಕಡೆ ತಾಳದ ನಾದ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ಮಾಡಬೇಕು, ಎರಡೂ ಮೈಗೆ ಬೇರೆ ಬೇರೆಯಾಗಿ. ಕಂಪ್ಯೂಟರಿನಲ್ಲಿ ಆಮೇಲೆ ಟ್ರೆಬಲ್ ಏರಿಸಿದರೆ ಸಿಗುವುದು ಗೊರಗೊರ ಮಾತ್ರ. ಹೆಡ್ಡು ಓದದ್ದನ್ನು ಸಾಫ್ಟ್‌ವೇರ್ ತಂದುಕೊಡಲಾರದು.

ಕಂಪ್ಯೂಟರಿಗೆ ಇಳಿಸುವಾಗ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಪೆಟ್ಟಿಗೆಯ ಲೈನ್ ಇನ್‌ಗೆ ತಂತಿ ಕೊಡಿ, ಮೈಕ್ ತೂತಿಗಲ್ಲ. 24 ಬಿಟ್, 48 ಕಿಲೊಹರ್ಟ್ಸ್ ಸಾಕು. ಅತಿ ಜೋರಿನ ಚಂಡೆಯ ಪೆಟ್ಟೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಿರಲಿ. ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಒಂದೊಂದು ಮೈ ಮುಗಿದಾಗಲೂ ಹೆಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ರಬ್ಬರ್ ರೋಲರಿಗೆ ಮಾತ್ರ ಸೋಪುನೀರು, ತಕ್ಷಣ ಒಣಬಟ್ಟೆ.

ಪ್ರಶ್ನೆ: ಟೇಪ್ ರೆಕಾರ್ಡರ್ ಎಳೆದೆಳೆದು ಹಾಡುತ್ತದೆ. ರಿಪೇರಿ ಅಂಗಡಿಯಲ್ಲಿ ಬೆಲ್ಟ್ ಸಿಗುವುದಿಲ್ಲ ಎನ್ನುತ್ತಾರೆ. — ಮೈಸೂರಿನ ಓದುಗರು

ಉತ್ತರ: ಮೋಟರಿನ ತಿರುಗುವಿಕೆಯನ್ನು ಟೇಪಿಗೆ ಸಾಗಿಸುವ ರಬ್ಬರ್ ಬೆಲ್ಟ್ ಸಿಗುತ್ತದೆ, ಅಳತೆ ಗೊತ್ತಿರಬೇಕು ಅಷ್ಟೆ. ಹಳೆಯ ಬೆಲ್ಟು ಜೋತುಬಿದ್ದಿದ್ದರೆ ಅದರ ಅಳತೆ ನಂಬಬೇಡಿ. ಕರಗಿ ಡಾಂಬರಾಗಿದ್ದರೆ ಅಳೆಯುವ ಮಾತೇ ಇಲ್ಲ. ಮೋಟರಿನ ಪುಟ್ಟ ಗಾಲಿ (ಪುಲ್ಲಿ) ಮತ್ತು ಟೇಪನ್ನು ಓಡಿಸುವ ಭಾರದ ಗಾಲಿ (ಫ್ಲೈವೀಲ್) ಸುತ್ತ, ಬೆಲ್ಟ್ ಹೋಗುವ ದಾರಿಯಲ್ಲೇ ಒಂದು ನೂಲು ಸುತ್ತಿ ಅಳೆಯಿರಿ. ಆ ಉದ್ದದಿಂದ 5ರಿಂದ 8 ಶೇಕಡಾ ಕಳೆದರೆ ಹೊಸ ಬೆಲ್ಟಿನ ಒಳಸುತ್ತಳತೆ. ನೂಲು 220 ಮಿ.ಮೀ. ಬಂದರೆ 205 ಮಿ.ಮೀ. ಆಸುಪಾಸಿನದು ಕೇಳಿ. ಚೌಕ ಬೆಲ್ಟೇ ಚಪ್ಪಟೆಯದೇ ಎಂಬುದನ್ನೂ, ದಪ್ಪವನ್ನೂ ಬರೆದುಕೊಳ್ಳಿ. ಹೆಚ್ಚು ಬಿಗಿಯಾದ ಬೆಲ್ಟ್ ಮೋಟರಿನ ಬೇರಿಂಗ್ ತಿನ್ನುತ್ತದೆ. ಬೆಲ್ಟಿಗೆ ಬದಲಾಗಿ ಮನೆಯ ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರ ದಪ್ಪ ಒಂದೇ ಸಮನಿರುವುದಿಲ್ಲ, ಸ್ವರ ತೇಲಾಡುತ್ತದೆ.

ಕರಗಿದ ರಬ್ಬರನ್ನು ಪುಲ್ಲಿಯಿಂದ ಪೂರ್ತಿ ತೆಗೆಯದೆ ಹೊಸ ಬೆಲ್ಟ್ ಹಾಕಿದರೆ ಮತ್ತದೇ ತೊಂದರೆ. ಕೈಗವಸು ಹಾಕಿಕೊಂಡು ಆಲ್ಕೋಹಾಲಿನಿಂದ ಒರೆಸಿ. ಆ ಕಪ್ಪು ಕೈಗೂ ಬಟ್ಟೆಗೂ ಹತ್ತಿದರೆ ಸುಲಭಕ್ಕೆ ಹೋಗದು.

ಹೊಸ ಬೆಲ್ಟ್ ಹಾಕಿದ ಮೇಲೆ ವೇಗ ನೋಡಬೇಕು. 3,150 ಹರ್ಟ್ಸ್‌ನ ಪರೀಕ್ಷಾ ಕ್ಯಾಸೆಟ್ ಇದ್ದರೆ ಮೊಬೈಲ್ ಆ್ಯಪಿನಲ್ಲಿ ಅಳೆಯಿರಿ. 30 ಹರ್ಟ್ಸ್ ಆಚೀಚೆ ಇದ್ದರೆ ಸಾಕು. ಇಲ್ಲವೇ ಕಂಪನಿ ಮುದ್ರಿಸಿದ ಕ್ಯಾಸೆಟ್ಟಿನ 10 ನಿಮಿಷದ ಭಾಗವನ್ನು ಅದೇ ಧ್ವನಿಮುದ್ರಿಕೆಯ ಸಿ.ಡಿ.ಯ ಜತೆ ಗಡಿಯಾರ ಹಿಡಿದು ಹೋಲಿಸಿ. 6 ಸೆಕೆಂಡ್ ವ್ಯತ್ಯಾಸವೆಂದರೆ 1 ಶೇಕಡಾ. ಹಲವು ಮೋಟರುಗಳ ಹಿಂಬದಿಯ ಸಣ್ಣ ತೂತಿನೊಳಗೆ ವೇಗ ಹೊಂದಿಸುವ ತಿರುಪು ಇರುತ್ತದೆ. ಯಂತ್ರ ಅರ್ಧ ಗಂಟೆ ಓಡಿ ಬೆಚ್ಚಗಾದ ಮೇಲೆ ಅದನ್ನು ಮುಟ್ಟಿ.

ಪ್ರಶ್ನೆ: 1992ರ ಮದುವೆಯ ವಿಎಚ್‌ಎಸ್ ಕ್ಯಾಸೆಟ್. ಕೆಳಗೆ ಗೆರೆ, ಮೇಲೆ ಬಾಗಿದ ಚಿತ್ರ, ನಡುನಡುವೆ ಹಿಮ ಸುರಿದ ಹಾಗೆ. ಯುಎಸ್‌ಬಿ ವಿಡಿಯೊ ಇಳಿಸುವ ಕಡ್ಡಿ ಕೊಂಡು ಕಂಪ್ಯೂಟರಿಗೆ ಇಳಿಸಿದೆವು. ಮಾಂಗಲ್ಯಧಾರಣೆ ಬರುವ ಹೊತ್ತಿಗೆ ಓಲಗ ಒಂದು ಕಡೆ, ಚಿತ್ರ ಒಂದು ಕಡೆ. — ಹುಬ್ಬಳ್ಳಿಯ ಓದುಗರು

ಉತ್ತರ: ನಾಲ್ಕು ತೊಂದರೆಗೆ ಮೂರು ಕಾರಣ. ಕೆಳಗಿನ ಗೆರೆ ದೋಷವೇ ಅಲ್ಲ. ವಿಎಚ್‌ಎಸ್‌ನಲ್ಲಿ 62 ಮಿ.ಮೀ. ವ್ಯಾಸದ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತ, ಅದರ ಮೇಲಿನ ಎರಡು ಹೆಡ್ಡುಗಳು ಸರದಿಯಂತೆ ಟೇಪನ್ನು ಓರೆಯಾಗಿ ಓದುತ್ತವೆ. ಒಂದರಿಂದ ಇನ್ನೊಂದಕ್ಕೆ ಸರದಿ ಬದಲಾಗುವ ಗುರುತೇ ಆ ಗೆರೆ. ಹಳೆಯ ಟಿ.ವಿ.ಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಕೊನೆಯಲ್ಲಿ ಕತ್ತರಿಸಿದರಾಯಿತು.

ಹಿಮ ಒಂದೇ ಪಟ್ಟಿಯಲ್ಲಿದ್ದರೆ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಪರದೆಯ ತುಂಬ ಇದ್ದರೆ ಹೆಡ್ಡು ಕಟ್ಟಿಕೊಂಡಿದೆ. ಇಲ್ಲಿ ಹತ್ತಿಕಡ್ಡಿ ತರಬೇಡಿ. ಡ್ರಮ್ಮಿನ ಹೆಡ್ಡು ಫೆರೈಟಿನ ಅತಿ ಸೂಕ್ಷ್ಮ ತುದಿ. ಮೇಲೆ ಕೆಳಗೆ ಉಜ್ಜಿದರೆ ಮುರಿಯುತ್ತದೆ, ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ಬಿಳಿ ಪ್ರಿಂಟರ್ ಕಾಗದದ ತುಂಡನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಡ್ರಮ್ಮಿನ ಮೈಗೆ ಅಲುಗಾಡದಂತೆ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ನಿಧಾನ ತಿರುಗಿಸಿ. ಕಾಗದದ ಮೇಲೆ ಕಂದು ಗೆರೆ ಬರುವುದು ನಿಂತ ಮೇಲೆ ಸಾಕು. ಹತ್ತು ನಿಮಿಷ ಒಣಗಲು ಬಿಡಿ. ವರ್ಷಗಟ್ಟಲೆ ಓಡದ ವಿಸಿಆರ್‌ಗೆ ಮದುವೆಯ ಕ್ಯಾಸೆಟ್ಟನ್ನೇ ಮೊದಲು ಹಾಕಬೇಡಿ. ಬೇಡದ ಒಂದು ಕ್ಯಾಸೆಟ್ ಅರ್ಧ ಗಂಟೆ ಓಡಿಸಿ, ಟೇಪಿನ ಅಂಚು ಮಡಿಯುತ್ತದೆಯೇ ಎಂದು ನೋಡಿಕೊಳ್ಳಿ.

ಚಿತ್ರದ ಮೇಲ್ಭಾಗ ಬಾಗುವುದೂ, ಶಬ್ದ ಜಾರಿಹೋಗುವುದೂ ಒಂದೇ ಬೇರಿನಿಂದ ಬಂದವು. ಚಿತ್ರವನ್ನು ಕಟ್ಟುವ ಅಡ್ಡ ಗೆರೆಗಳು ಟೇಪಿನಿಂದ ಸಮ ಅಂತರದಲ್ಲಿ ಬರುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತವೆ. ಹಳೆಯ ಟಿ.ವಿ. ಅದನ್ನು ಸಹಿಸಿಕೊಳ್ಳುತ್ತಿತ್ತು. ಅಗ್ಗದ ಯುಎಸ್‌ಬಿ ಕಡ್ಡಿ ಗೊಂದಲಗೊಂಡು ಚಿತ್ರದ ಚೌಕಟ್ಟುಗಳನ್ನೇ ಬಿಟ್ಟುಬಿಡುತ್ತದೆ, ಶಬ್ದ ಮಾತ್ರ ಪೂರ್ತಿ ದಾಖಲಾಗುತ್ತದೆ. ಇದಕ್ಕೆ ಬೇಕಾದದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಗೆರೆಗಳ ಸಮಯ ಸರಿಪಡಿಸುವ ಯಂತ್ರ. ಅದು ದುಬಾರಿ. ಪ್ಯಾನಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್ ಹಳೆಯ ಸಾಮಾನಿನಲ್ಲಿ ಸಿಕ್ಕರೆ ವಿಸಿಆರ್ ಮತ್ತು ಕಂಪ್ಯೂಟರ್ ನಡುವೆ ಅದನ್ನಿಡಿ. ಡಿಸ್ಕಿಗೆ ಬರೆಯಬೇಕಿಲ್ಲ, ಸಂಕೇತ ಅದರ ಮೂಲಕ ಹಾದುಹೋದರೆ ಗೆರೆಗಳು ನೆಟ್ಟಗಾಗುತ್ತವೆ.

ಇಳಿಸುವಾಗ ಪಾಲ್ (ನಮ್ಮ ದೇಶದ ಟಿ.ವಿ. ಪದ್ಧತಿ), 720×576, ಸೆಕೆಂಡಿಗೆ 25 ಚೌಕಟ್ಟು ಇಟ್ಟು, ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಿನಲ್ಲಿ ಚಿತ್ರ ಬಿಡಿಸುವ ಕ್ರಮ) ಹಾಗೇ ಉಳಿಸಿ. ಎಫ್‌ಎಫ್‌ವಿ1ನಲ್ಲಿ (ಚಿತ್ರದ ಏನನ್ನೂ ಬಿಡದ ಫೈಲ್ ಬಗೆ) ಗಂಟೆಗೆ ಸುಮಾರು 30 ಜಿಬಿ, ಸ್ವಲ್ಪ ಕುಗ್ಗಿಸಿದ ಡಿವಿಯಲ್ಲಾದರೆ 13 ಜಿಬಿ. ನೆಂಟರಿಗೆ ಕಳಿಸುವ ಪ್ರತಿಯನ್ನು ಆಮೇಲೆ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ ‘ಬಾಬ್’ ಆಯ್ಕೆಯಿಂದ 50 ಚೌಕಟ್ಟಿಗೆ ಮಾಡಿಕೊಳ್ಳಿ. ನಡಿಗೆ, ಕೈಸನ್ನೆಗಳು ವಿಡಿಯೊದಲ್ಲಿದ್ದಂತೆಯೇ ನುಣುಪಾಗಿ ಕಾಣುತ್ತವೆ. ಈ ಕೆಲಸ ಮುಂದಕ್ಕೆ ಹಾಕಬೇಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ನಿಲ್ಲಿಸಿತು. ಬೆಲ್ಟನ್ನು ಹೊಸದಾಗಿ ಮಾಡುವವರಿದ್ದಾರೆ. ಡ್ರಮ್ಮು ಸವೆದರೆ ಅದೇ ಮಾದರಿಯ ಇನ್ನೊಂದು ಸತ್ತ ಯಂತ್ರದಿಂದ ಕೀಳಬೇಕು.

ಪ್ರಶ್ನೆ: ಅಮೆರಿಕದ ನೆಂಟರು ಕಳಿಸಿದ ವಿಎಚ್‌ಎಸ್ ಕ್ಯಾಸೆಟ್ ನಮ್ಮ ವಿಸಿಆರ್‌ನಲ್ಲಿ ಬಣ್ಣವಿಲ್ಲದೆ ಉರುಳುತ್ತದೆ. — ತುಮಕೂರಿನ ಓದುಗರು

ಉತ್ತರ: ಅದು ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿ.ವಿ. ಪದ್ಧತಿ. ನಿಮ್ಮದು ಪಾಲ್. ಟೇಪು ಕೆಟ್ಟಿಲ್ಲ. ‘ಎನ್‌ಟಿಎಸ್‌ಸಿ ಪ್ಲೇಬ್ಯಾಕ್’ ಎಂದು ಬರೆದಿರುವ ವಿಸಿಆರ್‌ನಲ್ಲಿ ಟಿ.ವಿ.ಗೆ ಚಿತ್ರ ಬಂದೀತು, ಆದರೆ ಹೊರಬರುವುದು ಎರಡರ ಬೆರಕೆಯಾದ್ದರಿಂದ ಹಲವು ಕಂಪ್ಯೂಟರ್ ಕಾರ್ಡುಗಳು ಅದನ್ನು ಹಿಡಿಯುವುದಿಲ್ಲ. ಇಳಿಸುವುದಾದರೆ ಅಮೆರಿಕದ ವಿಸಿಆರೇ ಬೇಕು, ಅದಕ್ಕೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬೇಕು. ನೆಂಟರಲ್ಲೇ ಮಾಡಿಸಿ ತರಿಸುವುದು ಸುಲಭ.

ಪ್ರಶ್ನೆ: ಅಜ್ಜ ಇಟ್ಟಿದ್ದ ರಂಗಗೀತೆಗಳ 78 ವೇಗದ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳಿವೆ. ಹೊಸ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ನಲ್ಲಿ ಹಾಕಬಹುದೇ? ಸ್ಪಿರಿಟ್‌ನಿಂದ ಒರೆಸಬಹುದೇ? — ದಾವಣಗೆರೆಯ ಓದುಗರು

ಉತ್ತರ: ಸ್ಪಿರಿಟ್ ಹತ್ತಿರವೂ ತರಬೇಡಿ. ಈ ಪ್ಲೇಟುಗಳು ಅರಗಿನವು. ನಮ್ಮ ದೇಶದ ಮರಗಳ ಮೇಲಿನ ಹುಳುವಿನಿಂದ ಬರುವ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಒರೆಸಿದ ಕಡೆ ಹಾಡೇ ಹೋಗುತ್ತದೆ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಎರಡು ಮೂರು ಹನಿ ಹಾಕಿ, ಮೆದು ಬ್ರಷ್ಷಿನಿಂದ ಗೆರೆಯ ಗುಂಟವೇ ತೊಳೆದು, ಬರಿ ನೀರಲ್ಲಿ ಜಾಲಾಡಿ, ಕೂಡಲೇ ಒರೆಸಿ ನಿಲ್ಲಿಸಿ ಒಣಗಿಸಿ. ನಡುವಿನ ಚೀಟಿ ನೆನೆಯದಿರಲಿ.

ಸೂಟ್‌ಕೇಸ್ ಪ್ಲೇಯರ್ 78ಕ್ಕೆ ತಿರುಗುವುದೇನೋ ಹೌದು. ಆದರೆ ಅದರ ಮುಳ್ಳು ಆಮೇಲೆ ಬಂದ, ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯದು, ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಗೆರೆ ಅಗಲ, ಅದಕ್ಕೆ 76 ಮೈಕ್ರಾನಿನ ಮುಳ್ಳು ಬೇಕು. ಸಣ್ಣ ಮುಳ್ಳು ಗೆರೆಯ ತಳದ ಕಸದಲ್ಲಿ ಓಡುತ್ತದೆ, ಹಾಡಿಗಿಂತ ಹುರಿದ ಸದ್ದೇ ಹೆಚ್ಚು. ‘78’ ಎಂದು ಗುರುತಿರುವ ಬೇರೆ ಮುಳ್ಳು ಸಿಗುವ ಕಾರ್ಟ್ರಿಜ್ (ಮುಳ್ಳು ಕೂರುವ ಬಿಡಿಭಾಗ) ಇದ್ದರೆ ಮಾತ್ರ ಹಾಕಿ. ಕೀಲಿ ಕೊಡುವ ಗ್ರಾಮಫೋನ್ ಮನೆಯಲ್ಲಿದ್ದರೆ ಒಂದು ಮೈಗೆ ಒಂದು ಉಕ್ಕಿನ ಮುಳ್ಳು. ಅರಗಿಗೆ ಬೆರೆಸಿದ ಕಲ್ಲಿನ ಪುಡಿ ಆ ಮುಳ್ಳನ್ನು ಸವೆಸುತ್ತದೆ, ಸವೆದು ಚೂಪಾದ ಅಂಚು ಮುಂದಿನ ಪ್ಲೇಟನ್ನು ಕೆತ್ತುತ್ತದೆ. ಎಲ್‌ಪಿಯನ್ನು ಆ ಗ್ರಾಮಫೋನಿಗೆ ಹಾಕಿದರೆ ಒಂದೇ ಸಲಕ್ಕೆ ಹಾಳು.

ಪ್ರಶ್ನೆ: ಸಿ.ಡಿ.ಗಿಂತ ಎಲ್‌ಪಿಯ ನಾದ ನಿಜವಾಗಿ ಚೆನ್ನವೇ? ಈಗಿನ ಹುಡುಗರೂ ಯಾಕೆ ಕೊಳ್ಳುತ್ತಿದ್ದಾರೆ? — ಬೆಂಗಳೂರಿನ ಓದುಗರು

ಉತ್ತರ: ಅಳತೆಗೆ ನಿಲ್ಲಿಸಿದರೆ ಸಿ.ಡಿ. ಗೆಲ್ಲುತ್ತದೆ. ಅತಿ ಮೆಲುದನಿಗೂ ಅತಿ ಜೋರಿಗೂ ನಡುವಿನ ಅಂತರ ಸಿ.ಡಿ.ಯಲ್ಲಿ 96 ಡೆಸಿಬಲ್, ಒಳ್ಳೆಯ ಎಲ್‌ಪಿಯಲ್ಲಿ 60–70. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ ಒಳಕ್ಕೆ ಹೋಗುತ್ತ 21ಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಮೈಯ ಕೊನೆಯ ಹಾಡು ಸ್ವಲ್ಪ ಒರಟು. ಆದರೂ ಅದೇ ಹಾಡಿನ ಎಲ್‌ಪಿ ಕಿವಿಗೆ ಹಿತವಾಗುವುದಕ್ಕೆ ಗಟ್ಟಿ ಕಾರಣವಿದೆ. ತೊಂಬತ್ತರ ದಶಕದಿಂದ ಎಷ್ಟೋ ಸಿ.ಡಿ.ಗಳನ್ನು ಜೋರು ಕೇಳಿಸಲೆಂದು ಒತ್ತಿ ಚಪ್ಪಟೆ ಮಾಡಿದ್ದಾರೆ, ಸುಯ್ಯೆನ್ನುವ ಸದ್ದು ತೆಗೆಯುವ ಭರದಲ್ಲಿ ವೀಣೆಯ ತಂತಿಯ ಕೊನೆಯ ಅನುರಣನವನ್ನೂ ತೆಗೆದಿದ್ದಾರೆ. ಹಳೆಯ ಎಲ್‌ಪಿಯಲ್ಲಿ ಅದು ಉಳಿದಿದೆ. ಹೊಸ ಎಲ್‌ಪಿಯನ್ನು ಅದೇ ಚಪ್ಪಟೆ ಫೈಲಿನಿಂದ ಅಚ್ಚು ಮಾಡಿದ್ದರೆ ಈ ಲಾಭವಿಲ್ಲ, ಕೊಳ್ಳುವ ಮುಂಚೆ ವಿಚಾರಿಸಿ.

ಇನ್ನೊಂದು ಕಾರಣ ಕೇಳುವ ರೀತಿ. ಒಂದು ಮೈ 20–22 ನಿಮಿಷ, ನಡುವೆ ಹಾಡು ದಾಟಿಸಲು ಗುಂಡಿಯಿಲ್ಲ, ಮುಗಿದಾಗ ಎದ್ದು ಹೋಗಿ ತಿರುವಿ ಹಾಕಬೇಕು. ಈ ಗಮನವೇ ಹೊಸ ಪೀಳಿಗೆಗೆ ಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ 2022ರಲ್ಲಿ 1987ರ ನಂತರ ಮೊದಲ ಬಾರಿಗೆ ಸಿ.ಡಿ.ಗಿಂತ ಹೆಚ್ಚು ಎಲ್‌ಪಿಗಳು ಮಾರಾಟವಾದವು.

ಪ್ರಶ್ನೆ: ಟೇಪನ್ನು ಓವನ್‌ನಲ್ಲಿ ಬಿಸಿ ಮಾಡಿದರೆ ಸರಿಯಾಗುತ್ತದಂತೆ? — ಉಡುಪಿಯ ಓದುಗರು

ಉತ್ತರ: ಎಪ್ಪತ್ತು, ಎಂಬತ್ತರ ದಶಕದ ಕೆಲವು ಸ್ಟುಡಿಯೊ ಸ್ಪೂಲ್ ಟೇಪುಗಳ ಮಾತು ಅದು. ಅವುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಪ್ರಯೋಗಾಲಯದ ಓವನ್‌ನಲ್ಲಿ 50–55 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಲವು ವಾರ ಓಡುತ್ತವೆ. ಮನೆಯ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಈ ರೋಗವಿಲ್ಲ. ಅಡುಗೆಮನೆಯ ಓವನ್ ಯಾವುದಕ್ಕೂ ಬೇಡ.

ಪ್ರಶ್ನೆ: ಎಲ್ಲ ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಸೆಟ್ ಎಸೆಯಬಹುದೇ? — ಸಾಗರದ ಓದುಗರು

ಉತ್ತರ: ಬೇಡ. ಇನ್ನೂ ಒಳ್ಳೆಯ ಯಂತ್ರ ಸಿಕ್ಕಾಗ ಮತ್ತೆ ಇಳಿಸಬೇಕಾದೀತು, ಹಾರ್ಡ್ ಡಿಸ್ಕ್ ಕೆಟ್ಟಾಗ ಉಳಿಯುವ ಮೂಲವೂ ಅದೇ. ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ತುಣುಕು ಮುರಿಯಿರಿ, ಆಗ ಯಾರೂ ಕೈತಪ್ಪಿ ಮೇಲೆ ರೆಕಾರ್ಡ್ ಮಾಡಲಾಗದು. ಮಧ್ಯದಲ್ಲಿ ನಿಲ್ಲಿಸದೆ ಒಂದು ಕೊನೆಯವರೆಗೆ ಪ್ಲೇ ವೇಗದಲ್ಲೇ ಓಡಿಸಿ, ಪೆಟ್ಟಿಗೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ. ಸ್ಪೀಕರಿನಿಂದ ಒಂದು ಮೊಳ ದೂರ, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟು. ಮಲೆನಾಡಿನ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಡಬ್ಬಿಯ ಸಿಲಿಕಾ ಜೆಲ್ ಹುರಿದು ಹಾಕಿ.