ಹಿಂದಿನವರು ಬಸುರಿಯರಿಗೆ ಹೇಳುತ್ತಿದ್ದ ಸಲಹೆಗಳಲ್ಲಿ ಈಗ ಯಾವುದನ್ನು ಬಿಡಬೇಕು?

ಮೊದಲು ಬಿಡಬೇಕಾದದ್ದು ‘ಮಲಗಿಕೊಂಡೇ ಇರು, ಅಲುಗಾಡಬೇಡ’ ಎನ್ನುವ ಮಾತು. ಒಂದು ಕಾಲಕ್ಕೆ ಡಾಕ್ಟರುಗಳೇ ಹೀಗೆ ಹೇಳುತ್ತಿದ್ದರು. ಗರ್ಭಪಾತವೋ ತಿಂಗಳು ತುಂಬುವ ಮುಂಚಿನ ಹೆರಿಗೆಯೋ ಇದರಿಂದ ತಪ್ಪುತ್ತದೆ ಅನ್ನುವ ನಂಬಿಕೆ. ಅದಕ್ಕೆ ಗಟ್ಟಿ ಪುರಾವೆ ಸಿಗಲೇ ಇಲ್ಲ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಜಾಸ್ತಿ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಇನ್ನೂ ಏರುತ್ತದೆ. ಸ್ನಾಯುಗಳು ಸೊರಗುತ್ತವೆ, ಮನಸ್ಸೂ ಕುಗ್ಗುತ್ತದೆ. ತೊಂದರೆ ಇಲ್ಲದ ಬಸುರಿಗೆ ಈಗ ಹೇಳುವುದೇ ಬೇರೆ: ವಾರಕ್ಕೆ ಒಟ್ಟು 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಮಾಡಿ. ನಿಮ್ಮ ಡಾಕ್ಟರು ಬೇಡ ಅಂದಿದ್ದರೆ ಮಾತ್ರ ಅವರ ಮಾತೇ ಕೇಳಿ.

‘ಇಬ್ಬರಿಗಾಗುವಷ್ಟು ತಿನ್ನು’ ಅನ್ನುವುದೂ ಸರಿಯಲ್ಲ. ಮೊದಲ ಮೂರು ತಿಂಗಳು ಸಾಮಾನ್ಯವಾಗಿ ಹೆಚ್ಚಿನ ಕ್ಯಾಲೊರಿ ಬೇಕಿಲ್ಲ. ಆಮೇಲೂ ದಿನಕ್ಕೆ ಸುಮಾರು 340ರಿಂದ 450 ಕ್ಯಾಲೊರಿ ಹೆಚ್ಚಿಗೆ ತಿಂದರೆ ಸಾಕು.

ನನಗೆ ತೀರಾ ಸಂಕಟವಾಗುವುದು ಇನ್ನೊಂದು ಮಾತಿಗೆ. ಕೈ ಮೇಲೆತ್ತಿದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದಂತೆ! ತಾಯಿಯ ಕೈಗೂ ಆ ಬಳ್ಳಿಗೂ ಸಂಬಂಧವೇ ಇಲ್ಲ. ಮಗು ಒಳಗೆ ಹೊರಳಾಡುವಾಗ ಅದು ಸುತ್ತಿಕೊಳ್ಳುತ್ತದೆ. ತುಂಬ ಹೆರಿಗೆಗಳಲ್ಲಿ ಹೀಗಾಗುತ್ತದೆ, ಬಹುಪಾಲು ಮಕ್ಕಳು ಆರಾಮಾಗಿಯೇ ಹುಟ್ಟುತ್ತವೆ. ಆದರೂ ಎಷ್ಟೋ ತಾಯಂದಿರು ಸುಮ್ನೆ ತಮ್ಮನ್ನೇ ದೂರಿಕೊಂಡು ಕೊರಗುತ್ತಾರೆ.

ಹೆರಿಗೆಯಾದ ಮೇಲೆ ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ. ರೋಗ ತಡೆಯುವ ಅಂಶಗಳು ಅದರಲ್ಲಿ ದಂಡಿಯಾಗಿವೆ. ಹುಟ್ಟಿದ 1 ಗಂಟೆಯೊಳಗೆ ಮೊಲೆಹಾಲು ಕುಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.